ಉರಿ ನೋಡುವ ಬೆರಳು

ಎತೆಲ್ಕಾ ದೊಡ್ಡಮ್ಮನ ಮುದ್ದು ವರ್ಷದ ಎಂಟು ತಿಂಗಳು ಅಂಗೈಯಿಂದ ಬರುತ್ತಿತ್ತು, ಉಳಿದ ನಾಲ್ಕು ತಿಂಗಳು ಮೊಣಕೈಯಿಂದ. ರೋಸ್ಕೆ ಹಳ್ಳಿಯಲ್ಲಿ ಬೆಳೆದ ಮಕ್ಕಳಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ. ಸೆಪ್ಟೆಂಬರಿನಲ್ಲಿ ಮೆಣಸಿನಕಾಯಿ ಹಣ್ಣಾಗಿ ಅಂಗಳಕ್ಕೆ ಬಂದು ಬಿತ್ತೆಂದರೆ ಊರಿನ ಹೆಂಗಸರು ಮಕ್ಕಳನ್ನು ಮೊಣಕೈಯಿಂದ ತಿವಿದು ಎಬ್ಬಿಸುತ್ತಾರೆ, ಮೊಣಕೈಯಿಂದಲೇ ಬಾಗಿಲು ದೂಡುತ್ತಾರೆ, ಕಣ್ಣಿಗೆ ಕೂದಲು ಬಿದ್ದರೆ ಪಕ್ಕದವಳ ಹತ್ತಿರ ಊದಿಸಿಕೊಳ್ಳುತ್ತಾರೆ. ಕೈ ಅನ್ನುವುದು ಆ ನಾಲ್ಕು ತಿಂಗಳು ಮೆಣಸಿನಕಾಯಿಯದ್ದು.

ವಿಲ್ಮಾ ನಾಲ್ಕು ವರ್ಷದವಳಿದ್ದಾಗ ತಾಯಿ ತೀರಿಕೊಂಡು ದೊಡ್ಡಮ್ಮನ ಮನೆಗೆ ಬಂದದ್ದು ಅಕ್ಟೋಬರಿನಲ್ಲಿ. ಬಾಗಿಲ ಬಳಿ ಗಂಟು ಹಿಡಿದುಕೊಂಡು ನಿಂತು ಸದ್ದಿಲ್ಲದೆ ಅಳುತ್ತಿದ್ದ ಮಗುವನ್ನು ಕಂಡು, ಎತೆಲ್ಕಾ ಮಡಿಲಿನಲ್ಲಿದ್ದ ಮೆಣಸಿನಕಾಯಿಯನ್ನೆಲ್ಲ ಹಾಗೇ ನೆಲಕ್ಕೆ ಚೆಲ್ಲಿ ಎದ್ದಳಂತೆ. ಆದರೆ ಬಂದು ಅಪ್ಪಿಕೊಳ್ಳಲಿಲ್ಲ. ನೇರ ಬಚ್ಚಲಿಗೆ ಹೋದಳು. ಮೊದಲು ಹುಳಿಗೆನೆ, ಅಂದರೆ ಹುಳಿ ಬರಿಸಿದ ಹಾಲಿನ ಕೆನೆ, ಸವರಿ ತಿಕ್ಕಿದಳು, ಆಮೇಲೆ ವಿನೆಗರ್, ಆಮೇಲೆ ಸೋಪು. ಒರೆಸಿಕೊಂಡು ಬಂದು, ಉಂಗುರದ ಬೆರಳನ್ನು ತನ್ನ ಕೆಳತುಟಿಯ ಮೇಲಿಟ್ಟುಕೊಂಡು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದಳು. ಮಗು ಅಳು ನಿಲ್ಲಿಸಿ ಆ ಬೆರಳನ್ನೇ ನೋಡುತ್ತಿತ್ತು.

"ಉರೀತಿಲ್ಲ. ಬಾ," ಅಂದಳು.

ಆಮೇಲೆ ಮಗುವಿನ ಕಣ್ಣೊರೆಸಿದಳು. ಪ್ರೀತಿ ಅಂದರೆ ಏನು ಅಂತ ಯಾರಾದರೂ ಕೇಳಿದ್ದರೆ (ಅಂಥದ್ದನ್ನೆಲ್ಲ ವಿಲ್ಮಾಳನ್ನು ಯಾರೂ ಕೇಳುತ್ತಿರಲಿಲ್ಲ, ಕೇಳಿದರೂ ಅವಳು ಉತ್ತರ ಕೊಡುವವಳಲ್ಲ) ಅವಳ ಮನಸ್ಸಿಗೆ ಬರುತ್ತಿದ್ದದ್ದು ಆ ಇಪ್ಪತ್ತು ಎಣಿಸುವಷ್ಟು ಹೊತ್ತು.

ಈಗ ಅವಳಿಗೆ ಇಪ್ಪತ್ತನಾಲ್ಕು. ಸೆಗೆಡ್ ಪಟ್ಟಣದ ಯೂನಿವರ್ಸಿಟಿಯಲ್ಲಿ ಓದು ಮುಗಿಸಿ, ಅಲ್ಲೇ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕಿಯಾಗಿದ್ದಳು. ಫೋನು ಬಡಿದುಕೊಂಡರೆ ಬೇರೆ ಯಾರಾದರೂ ಎತ್ತಲಿ ಎಂದು ಮೈಕ್ರೋಸ್ಕೋಪಿನ ಮೇಲೆ ಇನ್ನಷ್ಟು ಬಗ್ಗುವ ಹುಡುಗಿ. ಇಲಿಗಳ ಹತ್ತಿರ ಮಾತ್ರ ಧಾರಾಳವಾಗಿ ಮಾತನಾಡುತ್ತಿದ್ದಳು. ಹೊಟ್ಟೆ ತಾನೇ ಸುರಿಸುವ ಆಮ್ಲದಲ್ಲಿ ತಾನೇ ಯಾಕೆ ಸುಟ್ಟುಹೋಗುವುದಿಲ್ಲ ಎನ್ನುವುದು ಅಲ್ಲಿ ನಡೆಯುತ್ತಿದ್ದ ಸಂಶೋಧನೆ. ಹೊಟ್ಟೆಯ ಒಳಗೋಡೆಯಲ್ಲಿ ಕೂದಲಿಗಿಂತ ತೆಳ್ಳಗಿನ ನರಗಳು ಹರಡಿಕೊಂಡಿವೆ. ಗೋಡೆಯೊಳಕ್ಕೆ ಒಂದಿಷ್ಟು ಆಮ್ಲ ಜಿನುಗಿದರೂ ಸಾಕು, ಅವಕ್ಕೆ ಚುರುಕ್ ಅನ್ನುತ್ತದೆ. ಆ ಚುರುಕನ್ನು ಅವು ತಲೆಗೆ ಮುಟ್ಟಿಸಿ ಸುಮ್ಮನಿರುವುದಿಲ್ಲ. ನಿಂತ ಜಾಗದಲ್ಲೇ ಏನನ್ನೋ ಚೆಲ್ಲುತ್ತವೆ, ಅದಕ್ಕೆ ಸುತ್ತಲಿನ ರಕ್ತನಾಳಗಳು ಅರಳಿಕೊಳ್ಳುತ್ತವೆ, ರಕ್ತ ನುಗ್ಗಿ ಬಂದು ಆಮ್ಲವನ್ನು ತೊಳೆದುಕೊಂಡು ಹೋಗುತ್ತದೆ, ಗೋಡೆ ಉಳಿಯುತ್ತದೆ. ಈ ನರಗಳನ್ನು ಮಾತನಾಡಿಸಲಿಕ್ಕೆ ಮೆಣಸಿನಕಾಯಿಯ ಖಾರದಷ್ಟು ಒಳ್ಳೆಯ ವಸ್ತು ಇನ್ನೊಂದಿರಲಿಲ್ಲ. ಸ್ವಲ್ಪ ಕೊಟ್ಟರೆ ಅವು ಎಚ್ಚರಾಗುತ್ತವೆ. ವಿಪರೀತ ಕೊಟ್ಟರೆ ಮಲಗಿಬಿಡುತ್ತವೆ.

"ಇಲಿಗೆ ಮೆಣಸಿನಕಾಯಿ ಅರೆದು ಹಾಕೋಕೆ ಐದು ವರ್ಷ ಓದಬೇಕಿತ್ತೇನೇ?" ದೊಡ್ಡಮ್ಮ ಕೇಳುತ್ತಿದ್ದಳು. "ನಮ್ಮ ಅಟ್ಟ ಹತ್ತಿದ್ರೆ ಪುಕ್ಕಟೆ ಸಿಗ್ತಿದ್ವು."

ನರ ಮಲಗಿದ ಇಲಿಗಳು, ಎಚ್ಚರ ಇರುವ ಇಲಿಗಳು ಹೊರಗಿನಿಂದ ಒಂದೇ ಥರ. ಅದೇ ಬಿಳಿ ಮೈ, ಅದೇ ಚೂಪು ಮೂತಿ. ಪರೀಕ್ಷೆಗೆಂದು ಹೊಟ್ಟೆಗೆ ಮದ್ಯಸಾರ ಬಿಟ್ಟ ಮೇಲೂ ಒಂದೇ ಥರ ಮೂಲೆಗೆ ಮುದುರಿಕೊಳ್ಳುತ್ತಿದ್ದವು. ಆಮೇಲೆ ಒಳಗೆ ನೋಡಿದರೆ ಮಾತ್ರ, ಎಚ್ಚರ ಇದ್ದವುಗಳಲ್ಲಿ ಒಂದೆರಡು ಕೆಂಪು ಗೆರೆ, ಮಲಗಿದವುಗಳಲ್ಲಿ ಗೋಡೆಯ ಉದ್ದಕ್ಕೂ ಹುಣ್ಣು. ವಿಲ್ಮಾಳ ಕೆಲಸ ಆ ಗೆರೆಗಳನ್ನು ಅಳೆದು ಬರೆಯುವುದು. ಪ್ರತಿ ಸಲ ಸ್ಕೇಲು ಹಿಡಿಯುವಾಗಲೂ ಅವಳಿಗೆ ಕೆಡುಕೆನಿಸುತ್ತಿತ್ತು. ಇಷ್ಟು ಆಗಿದೆ, ಪಾಪ, ಅದಕ್ಕೆ ಗೊತ್ತೂ ಆಗಿಲ್ಲ.

ಸೆಪ್ಟೆಂಬರಿನ ಕೊನೆಯ ಶನಿವಾರ ಊರಿಗೆ ಹೋದಾಗ ದೊಡ್ಡಮ್ಮನ ಮನೆಯ ಮಾಡಿನ ಕೆಳಗೆ ಮೆಣಸಿನಕಾಯಿ ಮಾಲೆಗಳು ಆಗಲೇ ಸಾಲಾಗಿ ತೂಗುತ್ತಿದ್ದವು. ಖಾರವಿಲ್ಲದ ತಳಿ ಬಂದು ಎಷ್ಟೋ ವರ್ಷವಾಗಿತ್ತು. ಊರಿನ ಎಷ್ಟೋ ಮನೆಗಳು ಅದಕ್ಕೆ ತಿರುಗಿದ್ದವು. ಎತೆಲ್ಕಾ ಮಾತ್ರ ಹಳೆಯ ಖಾರದ ಕಾಯಿಯನ್ನೇ ಬೆಳೆದು, ಒಂದೊಂದನ್ನೂ ಉಗುರಿನಿಂದ ಸೀಳಿ, ಒಳಗಿನ ಬಿಳಿ ಎಳೆಯನ್ನು ಕಿತ್ತು ಖಾರ ಇಳಿಸುವವಳು. ಬಣ್ಣ, ಪರಿಮಳ ಎರಡೂ ಹಳೆಯ ಕಾಯಿಯಲ್ಲೇ ಇರುವುದು, ಇವರ ಹೊಸ ಕಾಯಿ ಬರೀ ಕೆಂಪು ಹಿಟ್ಟು ಎಂದು ಅವಳ ವಾದ. ಐವತ್ತು ವರ್ಷ ಆ ಎಳೆ ಕಿತ್ತ ಬೆರಳುಗಳ ಗೆಣ್ಣುಗಳು ಈಗ ಶುಂಠಿಯ ಹಾಗೆ ಊದಿಕೊಂಡಿದ್ದವು.

ಪಕ್ಕದ ಮನೆಯ ಗಿಜೆಲ್ಲಾ ಎದುರಿಗೆ ಕೂತು ಉದ್ದ ಸೂಜಿಯಿಂದ ಮಾಲೆ ಪೋಣಿಸುತ್ತಿದ್ದಳು. ವಿಲ್ಮಾ ಗೇಟು ತೆಗೆಯುತ್ತಲೇ, ಇಲಿಗಳೆಲ್ಲ ಕ್ಷೇಮವಾ, ಅವುಗಳಲ್ಲಿ ಮದುವೆಗೆ ಬಂದ ಗಂಡು ಯಾವುದಾದರೂ ಇದ್ದರೆ ಹೇಳು, ಎತೆಲಕ್ಕ ಕಾಯುತ್ತಿದ್ದಾಳೆ ಎಂದು ಶುರು ಹಚ್ಚಿದಳು. ವಿಲ್ಮಾ ಕೆಂಪಾಗಿ ನಕ್ಕಳು. ನಗುತ್ತಲೇ ದೊಡ್ಡಮ್ಮನ ಮುಖ ನೋಡಿದಳು. ಆ ಮುಖ ಬಿಳಿಚಿಕೊಂಡಿತ್ತು. ತುಟಿಯ ಸುತ್ತ ಮೇಣದ ಬಣ್ಣ. ಬಾವಿಯಿಂದ ಅಡುಗೆಮನೆಗೆ ಬರುವಷ್ಟರಲ್ಲಿ ದೊಡ್ಡಮ್ಮ ಎರಡು ಸಲ ಗೋಡೆಗೆ ಒರಗಿ ನಿಂತಳು. ಕೇಳಿದರೆ, ವಯಸ್ಸು ಅರವತ್ತೇಳಾಯಿತು, ಗೋಡೆ ಕಟ್ಟಿಸಿದ್ದು ಮತ್ತೇತಕ್ಕೆ ಅಂದಳು.

ಮಧ್ಯಾಹ್ನ ಮೀನಿನ ಸಾರು. ತಟ್ಟೆಯ ಪಕ್ಕದಲ್ಲಿ ಎಂದಿನಂತೆ ಗುಂಡು ಮೆಣಸಿನಕಾಯಿ, ಬೇಕಾದವರು ಬೇಕಾದಷ್ಟು ಹೆಚ್ಚಿ ಹಾಕಿಕೊಳ್ಳಲಿ ಎಂದು. ಎತೆಲ್ಕಾ ಒಂದನ್ನು ಚೆರ್ರಿ ಹಣ್ಣಿನ ಹಾಗೆ ಬಾಯಿಗೆ ಹಾಕಿಕೊಂಡು ಅಗಿದಳು. ಕಣ್ಣು ಕೂಡ ಮಿಟುಕಿಸಲಿಲ್ಲ. ಈ ವರ್ಷ ಕಾಯಿಗೆ ಖಾರವೇ ಹತ್ತಿಲ್ಲ, ಬೇಸಿಗೆ ಸರಿಯಾಗಿ ಕಾಯಲಿಲ್ಲ ಎಂದಳು. ಗಿಜೆಲ್ಲಾ ತುದಿಯನ್ನಷ್ಟೇ ಕಚ್ಚಿ, ಅರ್ಧ ಬ್ರೆಡ್ಡು ಬಾಯಿಗೆ ತುರುಕಿಕೊಂಡು ಕಣ್ಣೀರು ಒರೆಸಿಕೊಂಡಳು. ಊಟಕ್ಕೆ ಮುಂಚೆ ದೊಡ್ಡಮ್ಮ ಎರಡು ಆಸ್ಪಿರಿನ್ ನುಂಗಿದ್ದನ್ನು ವಿಲ್ಮಾ ನೋಡಿದ್ದಳು. ಊಟದ ಮೇಲೆ ಇನ್ನೆರಡು, ಜರ್ದಾಳು ಹಣ್ಣಿನ ಸಾರಾಯಿಯ ಒಂದು ಗುಟುಕಿನ ಜೊತೆ. ಗೆಣ್ಣು ನೋವಿಗಂತೆ. ದಿನಕ್ಕೆ ಎಷ್ಟು ಎಂದರೆ, ಗೆಣ್ಣು ಕೇಳಿದಷ್ಟು.

"ಹೊಟ್ಟೆ ನೋಯಲ್ವಾ, ದೊಡ್ಡಮ್ಮ?"

"ಕಬ್ಬಿಣದ್ದು ಕಣೇ ನನ್ನ ಹೊಟ್ಟೆ. ಮೊದಮೊದಲು ಉರೀತಿತ್ತು. ಆಮೇಲೆ ಅದೂ ಕಲಿತುಕೊಳ್ತು."

ವಿಲ್ಮಾ ಇನ್ನೇನೋ ಕೇಳಬೇಕೆಂದುಕೊಂಡಳು. ಗಿಜೆಲ್ಲಾ ಮಾತು ತಿರುಗಿಸಿದಳು, ಅಷ್ಟೇ ಆಯಿತು. ಬಾಯಿ ತೆರೆಯುವುದಕ್ಕೆ ಅವಳಿಗೆ ಯಾವಾಗಲೂ ಉಳಿದವರಿಗಿಂತ ಒಂದು ಉಸಿರು ಹೆಚ್ಚು ಬೇಕಾಗುತ್ತಿತ್ತು.

ಭಾನುವಾರ ಮಧ್ಯಾಹ್ನ ಬಸ್ಸಿಗೆ ಹೊರಟಾಗ ದೊಡ್ಡಮ್ಮ ಬಚ್ಚಲಿಗೆ ಹೋದಳು. ಹುಳಿಗೆನೆ, ವಿನೆಗರ್, ಸೋಪು. ಬಾಗಿಲಲ್ಲಿ ನಿಂತು ಉಂಗುರದ ಬೆರಳನ್ನು ತುಟಿಯ ಮೇಲಿಟ್ಟುಕೊಂಡು ಎಣಿಸಿದಳು. ವಿಲ್ಮಾ ಕೂಡ ಒಳಗೊಳಗೇ ಎಣಿಸಿದಳು. ನಾಲ್ಕನೆಯ ವಯಸ್ಸಿನಿಂದ ಬಂದ ಅಭ್ಯಾಸ.

"ಉರೀತಿಲ್ಲ. ಬಾ, ವಿಲ್ಮುಷ್ಕಾ."

ಎರಡೂ ಅಂಗೈಗಳಲ್ಲಿ ಅವಳ ಮುಖ ಹಿಡಿದು, ರೆಪ್ಪೆಯ ಮೇಲೆ ಬಿದ್ದಿದ್ದ ಒಂದು ಎಳೆ ಕೂದಲನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸರಿಸಿದಳು.

ಎರಡು ಕ್ಷಣ ಏನೂ ಇಲ್ಲ. ಆಮೇಲೆ ಕಣ್ಣಿಗೆ ಕೆಂಡ ಇಟ್ಟ ಹಾಗಾಯಿತು. ವಿಲ್ಮಾ ಮುಖ ಮುಚ್ಚಿಕೊಂಡು ಕುಸಿದು ಕೂತಳು. ಕಣ್ಣು, ಕೆನ್ನೆ, ಮೂಗಿನ ಹೊಳ್ಳೆ ಎಲ್ಲ ಉರಿಯತೊಡಗಿದವು. ಗಿಜೆಲ್ಲಾ ಬೇಲಿ ದಾಟಿ ಹಾಲಿನ ಪಾತ್ರೆ ತಂದಳು. ಬಟ್ಟೆ ಅದ್ದಿ ಅದ್ದಿ ಒತ್ತಿದಳು. ಕೈಯನ್ನು ಅವಸರದಲ್ಲಿ ತೊಳೆದಿರಬೇಕು, ಉಗುರಿನ ಸಂದಿಯಲ್ಲಿ ಉಳಿದುಹೋಗಿದೆ, ಆಗುತ್ತದೆ ಬಿಡು ಎಂದು ಸಮಾಧಾನ ಹೇಳಿದಳು. ಎತೆಲ್ಕಾ ಮಾತ್ರ ದೂರದಲ್ಲಿ ನಿಂತಿದ್ದಳು. ಬೆರಳನ್ನು ಮತ್ತೆ ತುಟಿಯ ಮೇಲಿಟ್ಟುಕೊಂಡಿದ್ದಳು.

"ನಾನು ನೋಡಿದೆನಲ್ಲ," ಅಂದಳು. "ಇಪ್ಪತ್ತು ಎಣಿಸಿದೆ. ಉರೀಲಿಲ್ಲ. ಈಗಲೂ ಉರೀತಿಲ್ಲ."

ವಿಲ್ಮಾ ಒದ್ದೆ ಕಣ್ಣನ್ನು ಅರೆ ತೆರೆದು ಎದ್ದು ಹೋದಳು. ದೊಡ್ಡಮ್ಮನ ಕೈ ಹಿಡಿದು, ಅದೇ ಉಂಗುರದ ಬೆರಳನ್ನು ತನ್ನ ತುಟಿಗೆ ಒತ್ತಿಕೊಂಡಳು. ಐದು ಎಣಿಸುವುದರೊಳಗೆ ತುಟಿ ಹೊತ್ತಿಕೊಂಡಿತು. ದೊಡ್ಡಮ್ಮ ಆ ತುಟಿ ಕೆಂಪಾಗುವುದನ್ನು ನೋಡಿದಳು. ಮೆಲ್ಲಗೆ ಕೈ ಬಿಡಿಸಿಕೊಂಡು, ಎರಡೂ ಕೈಗಳನ್ನು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನೊಳಗೆ ಸುತ್ತಿಕೊಂಡು ಬೆಂಚಿನ ಮೇಲೆ ಕೂತಳು, ಯಾರದೋ ವಸ್ತು ಒಡೆದು ಬಚ್ಚಿಟ್ಟುಕೊಂಡವರ ಹಾಗೆ. ಬಸ್ಸಿನ ಹೊತ್ತಾಯಿತು ಹೋಗು ಅಂದಳು. ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಮುಖ ಕೊಟ್ಟು ಕೂತಿದ್ದ ವಿಲ್ಮಾಳಿಗೆ ಮೊದಲು ನೆನಪಾದದ್ದು ಇಲಿಗಳು. ಮೂಲೆಯಲ್ಲಿ ಮುದುರಿಕೊಂಡ, ಒಂದೇ ಥರದ ಇಲಿಗಳು. ಐವತ್ತು ವರ್ಷದ ಖಾರಕ್ಕೆ ಬೆರಳು ಮಲಗಿದೆ, ತುಟಿ ಮಲಗಿದೆ. ಚೆರ್ರಿಯ ಹಾಗೆ ಅಗಿದ ಆ ಕಾಯಿ ಇಳಿದುಹೋದ ಜಾಗದಲ್ಲಿ ಎಚ್ಚರ ಇರುವವರು ಯಾರು? ಅದರ ಮೇಲೆ ಆಸ್ಪಿರಿನ್. ಅದರ ಮೇಲೆ ಸಾರಾಯಿ. ಬಿಳಿಚಿದ ಆ ಮುಖ. ಉರಿಯುತ್ತಿದ್ದ ಕಣ್ಣಿನಿಂದ ಯಾವ ನೀರು ಯಾವುದಕ್ಕೆ ಸುರಿಯುತ್ತಿದೆ ಎಂದು ಅವಳಿಗೇ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆ, ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ಕರೆಯದೆ ಕೆಲೆಮೆನ್ ಮೇಷ್ಟ್ರ ಕೋಣೆಗೆ ಹೋದಳು. ಪ್ರಯೋಗಶಾಲೆಯ ಮುಖ್ಯಸ್ಥರು, ಎಂಥ ಮಾತಿಗೂ ತಂಬಾಕಿನ ಪೈಪು ಕೆರೆಯುತ್ತ ಇನ್ನೊಂದು ಪ್ರಶ್ನೆ ಕೇಳುವವರು. ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಅವರು ಸಾವಕಾಶವಾಗಿ ಕೇಳಿ, ಇಲಿಗೂ ನಿನ್ನ ದೊಡ್ಡಮ್ಮನಿಗೂ ನಡುವೆ ನಾವು ಇನ್ನೂ ಸೇತುವೆ ಕಟ್ಟಿಲ್ಲ, ತುಟಿ ಮಲಗಿದೆ ಅಂದ ಮಾತ್ರಕ್ಕೆ ಹೊಟ್ಟೆಯೂ ಮಲಗಿದೆ ಅಂತ ನಾನಂತೂ ಬರೆದುಕೊಡುವುದಿಲ್ಲ ಎಂದರು. ವಿಲ್ಮಾ ಎದ್ದು ನಿಂತಳು.

"ಕೂತ್ಕೋ. ಒಂದೂಟಕ್ಕೆ ನಾಲ್ಕು ಆಸ್ಪಿರಿನ್, ಮುಖ ಬಿಳುಪು, ನಾಲ್ಕು ಹೆಜ್ಜೆಗೆ ಏದುಸಿರು. ಇದಕ್ಕೆ ಇಲಿ ಯಾಕೆ ಬೇಕು? ಒಳಗೆ ರಕ್ತ ಹೋಗ್ತಿದ್ರೆ ಮಲ ಕಪ್ಪಗಾಗುತ್ತೆ. ಹೊರಕಡೆಗೆ ಹೋದಾಗ ಬಣ್ಣ ಕಪ್ಪಗಿದೆಯಾ ಅಂತ ಕೇಳಿದೆಯಾ?"

ಕೇಳಿರಲಿಲ್ಲ. ನಾಚಿಕೆಯಾಗಿತ್ತು. ಇಡೀ ಶನಿವಾರ, ಅರ್ಧ ಭಾನುವಾರ ಎದುರಿಗಿದ್ದರೂ ಆ ಒಂದು ಪ್ರಶ್ನೆ ಕೇಳಿರಲಿಲ್ಲ.

"ಹಾಗಾದ್ರೆ ಇನ್ನೂ ಇಲ್ಲೇ ಯಾಕಿದ್ದೀಯಾ?" ಎಂದರು ಮೇಷ್ಟ್ರು. "ಇವತ್ತು ಸ್ಕೇಲು ನಾನು ಹಿಡಿದುಕೊಳ್ತೀನಿ. ಹೋಗು."

ಹನ್ನೊಂದರ ಬಸ್ಸಿಗೆ ಊರು ತಲುಪಿದಾಗ ದೊಡ್ಡಮ್ಮ ಅಂಗಳದಲ್ಲಿದ್ದಳು. ಕೈಗೆ ಹಳೆಯ ಉಣ್ಣೆಯ ಕೈಗವಸು ಹಾಕಿಕೊಂಡು ಕಾಯಿ ಸೀಳಲು ಹೆಣಗುತ್ತಿದ್ದಳು. ವಿಲ್ಮಾಳ ಕಣ್ಣಿನ ಊತ ನೋಡಿ ಮುಖ ತಿರುಗಿಸಿದಳು. ಇನ್ನು ಮುಂದೆ ನಿನ್ನನ್ನು ಮುಟ್ಟುವುದಿಲ್ಲ, ನನ್ನ ಬೆರಳನ್ನು ನಾನೇ ನಂಬುವ ಹಾಗಿಲ್ಲ ಎಂದು ಕಾಯಿಗೆ ಹೇಳುವ ಹಾಗೆ ಹೇಳಿದಳು. ವಿಲ್ಮಾ ಪಕ್ಕದಲ್ಲಿ ಕೂತಳು. ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಗೇಟಿನ ಹೊರಗೇ ಉಳಿದಿದ್ದವು. ಕೊನೆಗೆ ನೆಲ ನೋಡುತ್ತ ಕೇಳಿಬಿಟ್ಟಳು. ಬಣ್ಣ ಹೇಗಿದೆ ಎಂದು.

"ಥೂ, ನೀನು ಓದಿದ್ದು ಇದನ್ನೇ ಏನೇ?"

"ಹೇಳು ದೊಡ್ಡಮ್ಮ."

ಎತೆಲ್ಕಾ ಒಂದು ಕಾಯಿ ಸೀಳಿದಳು. ಇನ್ನೊಂದು ಸೀಳಿದಳು. ಆಮೇಲೆ, ಡಾಂಬರಿನ ಹಾಗೆ, ಮೂರು ವಾರದಿಂದ ಎಂದಳು. ಪ್ಲಮ್ ಹಣ್ಣಿನ ಜಾಮು ಕಾಯಿಸಿದ ಕಾಲ ಅಲ್ಲವೇ, ಕರ್ರಗಿನ ಜಾಮು ತಿಂದರೆ ಕರ್ರಗೇ ಬರುತ್ತದೆ, ಅದರಲ್ಲೇನಿದೆ? ಮತ್ತೆ, ನೋವೇ ಇಲ್ಲದ ಮೇಲೆ ಡಾಕ್ಟರ ಹತ್ತಿರ ಏನಂತ ಹೇಳುವುದು? ನನಗೇನೂ ಆಗಿಲ್ಲ ಅಂತಲೇ? ಇನ್ನೂ ನಲವತ್ತು ಮಾಲೆ ಬಾಕಿ ಇದೆ, ಮಂಜು ಬೀಳುವುದರೊಳಗೆ ಆಗಬೇಕು.

ವಿಲ್ಮಾಳಿಗೆ ಆ ಹೆಚ್ಚಿನ ಉಸಿರು ಈಗ ಬೇಕಾಗಲಿಲ್ಲ.

"ನಿನ್ನ ಬೆರಳಲ್ಲಿ ಬೆಂಕಿ ಇತ್ತು, ತುಟಿ ಇಲ್ಲ ಅಂತು. ನೀನು ನಂಬಿದೆ. ಈಗ ಹೊಟ್ಟೆ ಇಲ್ಲ ಅಂತಿದೆ. ಅದನ್ನೂ ನಂಬ್ತೀಯಾ?"

ದೊಡ್ಡಮ್ಮನ ಕೈ ನಿಂತಿತು.

"ಉರಿ ಅನ್ನೋದು ಶತ್ರು ಅಲ್ಲ ದೊಡ್ಡಮ್ಮ. ಉರಿದರೆ ಅಲ್ಲಿಗೆ ರಕ್ತ ಓಡಿ ಬರುತ್ತೆ, ತೊಳೆಯುತ್ತೆ, ಗಾಯ ಆಗದ ಹಾಗೆ ನೋಡ್ಕೊಳ್ಳುತ್ತೆ. ನೀನು ಹುಳಿಗೆನೆ ತಿಕ್ಕಿ ತೊಳೀತೀಯಲ್ಲ, ಹಾಗೆ. ನಿನ್ನ ಹೊಟ್ಟೇಲಿ ಆ ಕೆಲಸ ನಿಂತುಹೋಗಿರಬಹುದು. ನನಗೆ ಖಾತ್ರಿಯಾಗಿ ಗೊತ್ತಿಲ್ಲ. ನಮ್ಮ ಮೇಷ್ಟ್ರಿಗೂ ಗೊತ್ತಿಲ್ಲ. ಆದರೆ ನಾನು ದಿನಾ ನೋಡ್ತೀನಿ, ಏನೂ ಆಗಿಲ್ಲ ಅನ್ನೋ ಥರ ಕೂತಿರ್ತಾವೆ ಆ ಇಲಿಗಳು." ಅವಳು ದೊಡ್ಡಮ್ಮನ ಕೈಯಿಂದ ಕಾಯಿ ತೆಗೆದುಕೊಂಡಳು. "ನಿನ್ನನ್ನ ಹಾಗೆ ನೋಡೋಕೆ ನನ್ನ ಕೈಲಾಗಲ್ಲ."

ಬೇಲಿಯಾಚೆ ಗಿಜೆಲ್ಲಾ ಕೆಮ್ಮಿದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು, ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

"ನಲವತ್ತು ಮಾಲೆ ನಾನು ಪೋಣಿಸ್ತೀನಿ ಎತೆಲಕ್ಕಾ. ನಿನ್ನಷ್ಟು ಚೆನ್ನಾಗಿ ಬರಲ್ಲ, ನೀನು ಬಂದು ಬೈಯುವಿಯಂತೆ."

ಎತೆಲ್ಕಾ ಕೈಗವಸು ಕಳಚಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಆಮೇಲೆ ಕೇಳಿದ್ದು ಹೊಟ್ಟೆಯ ವಿಷಯವಲ್ಲ.

"ಈ ಬೆರಳು ಮತ್ತೆ ಸರಿ ಹೋಗುತ್ತಾ? ತುಟಿ?"

"ಖಾರದಿಂದ ದೂರ ಇದ್ರೆ ಎಚ್ಚರ ಆಗಬಹುದು. ಕೆಲವು ವಾರ ಬೇಕು."

"ಹಾಗಾದ್ರೆ ನನ್ನ ಕೋಟು ತಾ."

ಪಟ್ಟಣದ ಆಸ್ಪತ್ರೆಯಲ್ಲಿ ದೀಪ ಕಟ್ಟಿದ ಕೊಳವೆಯನ್ನು ಗಂಟಲಿನಿಂದ ಇಳಿಸಿ ನೋಡಿದರು. ಹೊಟ್ಟೆಯ ಕೆಳಭಾಗದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಹುಣ್ಣು, ಅಂಚಿನಿಂದ ರಕ್ತ ಜಿನುಗುತ್ತಿತ್ತು. ರಕ್ತದಲ್ಲಿ ಇರಬೇಕಾದ ಹಿಮೋಗ್ಲೋಬಿನ್ನಿನಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಎಳೆಯ ವಯಸ್ಸಿನ ಡಾಕ್ಟರು ಇಷ್ಟಾದರೂ ನೋವಾಗಲಿಲ್ಲವೇ ಎಂದು ಮೂರು ಸಲ ಕೇಳಿದ. ಮೂರನೆಯ ಸಲಕ್ಕೆ ಎತೆಲ್ಕಾ, ನೋವಾಗಿದ್ದರೆ ನಿನ್ನ ಮುಖ ನೋಡೋಕೆ ಬೇಸಿಗೆಯಲ್ಲೇ ಬರುತ್ತಿದ್ದೆನಪ್ಪಾ ಅಂದಳು. ಇನ್ನೊಂದು ವಾರ ಕಳೆದಿದ್ದರೆ ಅಂತ ಅವನು ವಿಲ್ಮಾಳ ಹತ್ತಿರ ಶುರುಮಾಡಿ ಮಾತನ್ನು ಅರ್ಧಕ್ಕೇ ಬಿಟ್ಟ. ಎರಡು ಬಾಟಲಿ ರಕ್ತ ಏರಿಸಿದರು. ಆಸ್ಪಿರಿನ್ ಬಂದ್. ಆಮ್ಲ ತಗ್ಗಿಸುವ ಮಾತ್ರೆ, ಮೂರು ಹೊತ್ತು ಹಾಲು ಹಾಕಿದ ರವೆ ಗಂಜಿ.

ಆ ಗಂಜಿಯ ಬಗ್ಗೆ ದೊಡ್ಡಮ್ಮ ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನವೂ ದೂರಿದಳು. ಗೋಡೆಗೆ ಬಳಿಯುವ ಸುಣ್ಣವನ್ನೆಲ್ಲ ತನಗೆ ತಿನ್ನಿಸುತ್ತಿದ್ದಾರೆ, ಪಕ್ಕದ ಹಾಸಿಗೆಯವಳಿಗೆ ಇದರಲ್ಲೂ ರುಚಿ ಸಿಗುತ್ತದೆ, ಬಹುಶಃ ಪಟ್ಟಣದವಳಿರಬೇಕು. ಗಿಜೆಲ್ಲಾ ನೋಡಲು ಬಂದವಳು, ಮಾಲೆ ಮುಗಿಯಿತು, ಎಲ್ಲ ವಕ್ರವಾಗಿವೆ ಎಂದು ಹೆಮ್ಮೆಯಿಂದ ವರದಿ ಒಪ್ಪಿಸಿದಳು. ಕೆಲೆಮೆನ್ ಮೇಷ್ಟ್ರು ಒಂದು ಸಂಜೆ ಪೈಪನ್ನು ಜೇಬಿನಲ್ಲಿಟ್ಟುಕೊಂಡು ಬಂದು, ಹುಣ್ಣು ಮಾಯ್ದ ಮೇಲೆ ಸಾರಿಗೆ ಒಂದು ಚಿಟಿಕೆ ಖಾರ ಹಾಕಿಕೊಂಡರೆ ಬಹುಶಃ ಒಳ್ಳೆಯದೇ, ಆದರೆ ಚಿಟಿಕೆ ಅಂದರೆ ಚಿಟಿಕೆ ಎಂದರು. ಅವರು ಹೋದ ಮೇಲೆ ದೊಡ್ಡಮ್ಮ, ಒಳ್ಳೆಯ ಮನುಷ್ಯ, ಮೆಣಸಿನಕಾಯಿಯ ಬೆಲೆ ಗೊತ್ತು ಎಂದಳು. ಆದರೆ ಇಷ್ಟು ದಿನವೂ ಅವಳು ವಿಲ್ಮಾಳನ್ನು ಮುಟ್ಟಲಿಲ್ಲ. ಆಸ್ಪತ್ರೆಯ ಸೋಪಿನಿಂದ ಬೆಳ್ಳಗಾದ ಕೈಗಳನ್ನು ಹೊದಿಕೆಯ ಕೆಳಗೇ ಇಟ್ಟುಕೊಳ್ಳುತ್ತಿದ್ದಳು.

ಡಿಸೆಂಬರಿನ ಎರಡನೆಯ ಭಾನುವಾರ. ಒಣಗಿದ ಮಾಲೆಗಳನ್ನು ಬಿಡಿಸಿ ಕುಟ್ಟುವ ಕೆಲಸ ಗಿಜೆಲ್ಲಾಳ ಪಾಲಿಗೆ ಬಂದಿತ್ತು. ಎತೆಲ್ಕಾ ಒಲೆಯ ಪಕ್ಕ ಕೂತು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಪ್ಪಣೆ ಕೊಡುತ್ತಿದ್ದಳು. ಎರಡು ತಿಂಗಳಿಗೂ ಮೀರಿ ಅವಳು ಒಂದು ಕಾಯಿಯನ್ನೂ ಸೀಳಿರಲಿಲ್ಲ. ಕೆನ್ನೆಗೆ ಬಣ್ಣ ಬಂದಿತ್ತು. ಬಾವಿಯಿಂದ ಅಡುಗೆಮನೆಗೆ ಗೋಡೆಯ ಹಂಗಿಲ್ಲದೆ ಬರುತ್ತಿದ್ದಳು.

ವಿಲ್ಮಾ ಬಸ್ಸಿಗೆ ಕೋಟು ತೊಡುತ್ತಿದ್ದಾಗ ದೊಡ್ಡಮ್ಮ ಎದ್ದಳು. ಒರಳಿನ ಅಂಚಿಗೆ ಅಂಟಿದ್ದ ಕೆಂಪು ಧೂಳನ್ನು ಉಂಗುರದ ಬೆರಳಿನಿಂದ ಸವರಿದಳು. ಬೆರಳನ್ನು ಕೆಳತುಟಿಯ ಮೇಲಿಟ್ಟುಕೊಂಡಳು. ಗಿಜೆಲ್ಲಾ ಒನಕೆ ನಿಲ್ಲಿಸಿದಳು. ವಿಲ್ಮಾ ಒಂದು ತೋಳು ಕೋಟಿನೊಳಗೆ, ಒಂದು ಹೊರಗೆ, ಹಾಗೇ ನಿಂತು ಎಣಿಸತೊಡಗಿದಳು. ಹತ್ತು. ಹನ್ನೊಂದು. ಹದಿನಾಲ್ಕಕ್ಕೆ ದೊಡ್ಡಮ್ಮನ ಹುಬ್ಬು ಸ್ವಲ್ಪ ಗಂಟಿಕ್ಕಿತು. ಹದಿನೇಳಕ್ಕೆ ಕಣ್ಣಂಚಿನಲ್ಲಿ ನೀರು ಬಂತು.

"ಉರೀತಿದೆ," ಅಂದಳು ಮೆಲ್ಲಗೆ. ಮತ್ತೆ, ಇನ್ನೊಂದು ಸಲ ಹೇಳಿದರೆ ಹೋಗಿಬಿಡುವುದೇನೋ ಎನ್ನುವ ಹಾಗೆ ಇನ್ನೂ ಮೆಲ್ಲಗೆ, "ಉರೀತಿದೆ ಕಣೇ."

ಬಚ್ಚಲಿಗೆ ಹೋದಳು. ಹುಳಿಗೆನೆ, ವಿನೆಗರ್, ಸೋಪು. ಬಂದು ತುಟಿ ಮುಟ್ಟಿ ನೋಡಿ, ಇನ್ನೂ ಇದೆ ಎಂದು ವಾಪಸು ಹೋದಳು. ಮತ್ತೆ ತೊಳೆದು ಬಂದಳು. ಆಗಲೂ ತಲೆಯಾಡಿಸಿದಳು. ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಈ ಬಸ್ಸು ತಪ್ಪಿದರೆ ಇನ್ನು ನಾಳೆಯೇ ಎಂದು ಗಿಜೆಲ್ಲಾ ಎಚ್ಚರಿಸಿದಳು.

ವಿಲ್ಮಾ ದೊಡ್ಡಮ್ಮನ ಹತ್ತಿರ ಹೋಗಿ ತಲೆ ಬಗ್ಗಿಸಿ ನಿಂತಳು. ನಾಲ್ಕು ವರ್ಷದ ಮಗುವಿನ ಎತ್ತರಕ್ಕೆ ಬಗ್ಗಬೇಕಾಯಿತು. ಎತೆಲ್ಕಾ ತನ್ನೆರಡು ಅಂಗೈಗಳನ್ನು ದೂರ, ಗಾಳಿಯಲ್ಲಿ ಎತ್ತಿ ಹಿಡಿದುಕೊಂಡು, ಮೊಣಕೈಗಳ ನಡುವೆ ಅವಳ ಮುಖವನ್ನು ತೆಗೆದುಕೊಂಡಳು.